ಹುಣ್ಣಿಮಿ ಕಟ್ಟಿನ ಸಾರು

ಇಲ್ಲ ಅತ್ತೀ, ನಿಮ್ಮ ಮಗಗ ಏನೂ ಆಗೂದಿಲ್ಲ. ಕೂಡ್ರಿ ಇಲ್ಲೆ. ಒಳಗ ಮಷೀನಿಗೆ ಹಚ್ಚ್ಯಾರ, ಡಯಾಲಿಸಿಸ್ ನಡದದ. ಯಾವಾಗ್ಲೂ ಸೋಮವಾರ, ಗುರುವಾರ ಹಚ್ಚತಿದ್ರು, ಇವತ್ತ ಬುಧವಾರ ಹಚ್ಚ್ಯಾರ, ಅಷ್ಟೇ ಫರಕು. ಅಷ್ಟೇ ಅಂದ್ರ... ಅಷ್ಟೇ ಅಲ್ಲ ಬಿಡ್ರಿ. ಭಾಳ ಫರಕದ.

ನೀರು ಕುಡೀತೀರೇನು? ಬ್ಯಾಡಾ? ಹಂಗ ದಿಟ್ಟಿಸಿ ನೋಡಬ್ಯಾಡ್ರಿ ಮತ್ತ.

ನೋಡ್ರಿ, ನಮ್ಮ ಸೊಸೈಟಿಗೆ ಕಸದ ಘಂಟಾಗಾಡಿ ಬರತದಲ್ಲ, ಕಿಡ್ನಿ ಅಂದ್ರ ಹಂಗ. ಅದು ಬರೂದು ನಿಂತ್ರ ಬಕೀಟು ತುಂಬಿ ಪಾವಟಿಗಿ ಮ್ಯಾಲೆಲ್ಲಾ ಹೊಲಸು. ಕ್ರಿಯಾಟಿನಿನ್ ಅಂದ್ರ ಮಾಂಸಖಂಡದ ಕಸ, ಯೂರಿಯಾ ಅಂದ್ರ ತಿಂದ ಬ್ಯಾಳಿ-ಕಾಳಿನ ಕಸ. ರಕ್ತದಾಗ ಕೂಡತಾವ, ವಾಕರಿಕಿ ಬರತದ, ಮೈ ತುರಸತದ. ಆದ್ರ ಅವು ಸಾವಕಾಶ ಕಾಡೂವಂಥವು. ಪೊಟ್ಯಾಶಿಯಮ್ ಹಂಗಲ್ಲ! ಅದು ಕಸಾನೂ ಅಲ್ಲ ಮತ್ತ, ಎದಿ ಬಡಿಯಾಕ ಬೇಕಾದದ್ದೇ. ಆದ್ರ ಹೆಚ್ಚಾತಂದ್ರ ಎದಿ ತಾಳ ತಪ್ಪತದ... ನಿಲ್ಲತದ. ಐದರ ಆಸುಪಾಸು ಇರಬೇಕಾದದ್ದು ಮುಂಜಾನೆ ರಕ್ತ ತಪಾಸಣೆದಾಗ ಇವರದು ಏಳು ದಾಟಿತ್ತು. 'ಕಾಲಾಗ ಶಕ್ತೀನ ಇಲ್ಲ ಶೈಲಾ' ಅಂತ ಬಚ್ಚಲ ಬಾಗಲದಾಗ ಕುಸದ್ರಲ್ಲ, ಅದಕ್ಕ.

ಯಾಕ, ಮಾರಿ ಆ ಕಡೆ ತಿರುವಿದ್ರಿ? ಬಿ.ಎಸ್ಸಿ. ಕಲ್ತಾಕಿ ಇಲ್ಲೂ ಪಾಠ ಹೇಳಲಿಕ್ಕತ್ತಾಳ ಅಂತೇನು? ಅನ್ಕೋರಿ. ನಾ ಬಾಯಿ ಮುಚ್ಚಿದ್ರ ಒಳಗಿನ ಮಷೀನಿನ ಸಪ್ಪಳ ಕೇಳಸತದ.

ಇನ್ಸುಲಿನ್ ಕೊಟ್ರು. ಹೌದ್ರಿ, ಸಕ್ಕರಿ ರೋಗ ಇಲ್ಲ, ಆದ್ರೂ ಕೊಡತಾರ, ಜೋಡಿಗೆ ಗ್ಲೂಕೋಸು. ಅದು ಪೊಟ್ಯಾಶಿಯಮ್‌ನ ರಕ್ತದಾಗಿಂದ ಜೀವಕೋಶದೊಳಗ ದೂಡತದ. ಹೊತ್ತಿಗಷ್ಟೇ! ಮಂದಿ ಬಂದ್ರು ಅಂತ ಹರವಿದ ಅರಿವಿ ಎಲ್ಲಾ ಕಾಟಿನ ಕೆಳಗ ದೂಡತೇವಲ್ಲ, ಹಂಗ. ಹೊರಗ ಹಾಕಾಕ ಮಷೀನೇ ಬೇಕು.

ನಿನ್ನಿ ಹೋಳಿ ಹುಣ್ಣಿಮಿ... ಹೋಳಿಗಿ ಮಾಡಿದ್ದು ತಪ್ಪಲ್ಲ. ಕಡ್ಲಿಬ್ಯಾಳಿ ಕುದಿಸಿ, ಬಸದು, ಆ ನೀರು ಚೆಲ್ಲಿಬಿಟ್ರ ಭಾಳಷ್ಟು ಪೊಟ್ಯಾಶಿಯಮ್ ನೀರಿನ ಜೋಡಿ ಮೋರಿಗೆ ಹೋಗತದ. ಬಟಾಟಿ, ಪಲ್ಲೆ, ಎಲ್ಲಾ ಹಂಗೇ ಬಸದು ಚೆಲ್ಲತಿದ್ವಿ. ಆದ್ರ ಹೋಳಿಗಿ ಕಟ್ಟು ಚೆಲ್ಲೂದಂದ್ರ!... ನಮ್ಮ ಮಂದಿಗೆ ಕೈ ಬರತದೇನು? ಕೊಬ್ರಿ, ಮಸಾಲಿ, ಹುಣಸಿಹುಳಿ ಬಿದ್ದು ಸಾರು ಕುದಿಲಿಕ್ಕತ್ತಿದ್ರ ಇವರು ಅಡಗಿಮನಿ ಬಾಗಲಕ್ಕ ಬಂದು ನಿಂತ್ರು, ಸಣ್ಣ ಹುಡುಗರಂಗ. ಎರಡು ವಾಟಗಾ ಕುಡದ್ರು. ನಕ್ರು, ಅತ್ತೀ... ಎಷ್ಟು ದಿನದ ಮ್ಯಾಲೆ ನಕ್ರು! ಬ್ಯಾಳಿಯಿಂದ ತಗದದ್ದೆಲ್ಲಾ ವಾಟಗಾದಾಗ ತುಂಬಿ ಕೊಟ್ಟಂಗಾತು.

ಯಾರು ಮಾಡಿದ್ರು ಅನ್ನೂದು ಬಿಡ್ರಿ ಈಗ. ಮನ್ಯಾಗ ಆತು. ಆಗಿಹೋತು.

ಡಾಕ್ಟರಾ? ಹಾಂ, ನಿನ್ನಿ ಏನು ತಿಂದ್ರು ಅಂತ ಕೇಳಿದ್ರು. ನಿಮ್ಮ ಮುಂದನ ಕೇಳಿದ್ರಲ್ಲ. ಈ ಊರಾಗ ಎಲ್ಲಾರದೂ ಮರಾಠೀನ, ಮರಾಠ್ಯಾಗ ಕೇಳಿದ್ರು, ನಿಮಗೆಲ್ಲಿ ತಿಳೀಬೇಕು. ನಾ 'ಕಟಾಚೀ ಆಮಟೀ', ಕಟ್ಟಿನ ಸಾರು, ಅಂದಕೂಡಲೆ ಹಣಿ ಬಡಕೊಂಡ್ರು, ಅವರ ಮನ್ಯಾಗೂ ಹೋಳಿಗಿ ದಿನ ಅದನ್ನ ಮಾಡತಾರಂತ. ನಿಮ್ಮ ಕಡೆ ತಿರುಗಿ ಏನಂದ್ರು ಅಂತೀರೇನು? ಅದಾ... ಅಜ್ಜಿ ಭಾಳ ದಣದಾರ, ಅಂದ್ರು. ಕೆಲವು ದಿನ ಸೊಲ್ಲಾಪುರಕ್ಕ, ಶಿವಕಾಂತಾನ ಮನಿಗೆ ಹೋಗಲಿ, ಮಗಳ ಕಡೆ ಆರಾಮಾಗಿರಲಿ ಅಂದ್ರು. ಹೌದ್ರಿ, ಅಷ್ಟೇ ಅಂದದ್ದು. ನೀವ್ಯಾಕ ಅವರಿಗೆ ಹಂಗ ಕೈ ಮುಗದ್ರಿ? ನನಗ ಒಂಥರಾ ಆತು. ನಾನ ಬಂದು ಬಸ್ಸಿಗೆ ಹತ್ತಸ್ತೀನಿ, ಚಿಂತಿ ಬ್ಯಾಡ...

ತಡೀರಿ, ಸಿಸ್ಟರ್ ಬಂದ್ಲು. ಹೋ, ಹೋ, ಶಿವರಾಜಾಂಚ್ಯಾಚ್ ಘರಚೇ!... ಬರೇ ಆಹೇತ ನಾ ತೇ?... ಹಾಂ... ಏಕಚ್ ಜಣ? ಬರಂ.

ಅತ್ತೀ, ಎಲ್ಲಿಗೆ ಎದ್ರಿ? ಸೆರಗು ಯಾಕ ಸರಿಮಾಡಕೊಳ್ಳಾಕತ್ತೀರಿ? ನಾ ಇನ್ನೂ ಹೇಳೇ ಇಲ್ಲಲ್ಲ ನಿಮಗ... ನಿಮ್ಮ ಮಗ ಆರಾಮದಾರ, ಅವ್ವನ್ನ ಕರೀಲಿಕ್ಕತ್ತಾರ, ಒಬ್ಬರನ್ನ ಅಷ್ಟೇ ಒಳಗ ಬಿಡತಾರ ಅಂತ... ಅಕಿ ಮರಾಠ್ಯಾಗ ಅಂದ್ಲು. ಬರೇ ಮರಾಠ್ಯಾಗ ಅಂದ್ಲು, ಅತ್ತೀ.

ನಿಮಗ...?

ಹಂಗಾದ್ರ ಡಾಕ್ಟರ್ ಮುಂದ ನಾ ಅಂದದ್ದೂ... 'ಸಾಸೂಬಾಯಿಂನೀ ಕೇಲೀ'... ಅತ್ತಿಯವರು ಮಾಡಿದ್ರು, ನನಗ ಗೊತ್ತೇ ಇರಲಿಲ್ಲ ಅಂತ ನಾ ಅಂದದ್ದು... ಅಜ್ಜಿನ್ನ ಅಡಗಿಮನಿಯಿಂದ ದೂರ ಇಡ್ರಿ, ಮಗನ್ನ ಕೊಂದಾರು ಅಂತ ಅವರಂದದ್ದು... ಎಲ್ಲಾ ಕೇಳಿದ್ರಿ. ಕೇಳೇ ಅವರಿಗೆ ಕೈ ಮುಗದ್ರಿ.

ಕಟ್ಟು ಚೆಲ್ಲತೀನಿ ಅಂತ ಬೋಗಾಣಿ ಎತ್ತಿದವರು ನೀವು. ಕೈಯಿಂದ ಕಸಗೊಂಡಾಕಿ ನಾ. 'ಒಂದಿನಕ್ಕ ಏನಾಗೂದಿಲ್ಲ, ನಾ ಓದೀನಿ' ಅಂದಾಕಿ ನಾ...

ನಿಲ್ರಿ. ಒಳಗ ಅವರಿಗೆ ಸೊಲ್ಲಾಪುರದ ಮಾತು ಹೇಳತೀರೇನು? ಹೇಳೂದಿಲ್ಲೇನು? ಬೈರಿ ನನ್ನ, ಹಂಗ ನೋಡಬ್ಯಾಡ್ರಿ... ಅತ್ತೀ, ಏನರ ಅನ್ರಿ. ಕನ್ನಡದಾಗ ಬ್ಯಾಡಾದ್ರ ಮರಾಠ್ಯಾಗರ ಅನ್ರಿ!