ಪೇಟೆ ಬೀದಿಯ ಪರದೆ

“ಹಲೋ... ಯಾರು ಮಾತಾಡ್ತಿರೋದು?... ಹಾಂ, ಫಿಂಟನ್. ಹೇಳಪ್ಪಾ. ಶವದ ಗಾಡಿಯವನು ಬಿಟ್ರೆ ಇವತ್ತು ನಂಗೆ ಇನ್ಯಾರು ಫೋನ್ ಮಾಡ್ತಾರೆ...”

ಅಟ್ರಾಕ್ಟಾ ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿದಳು. ಮುಂಗೋಣೆಯಲ್ಲಿ ಗಂಡ ಮಲಾಕಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ನೆರೆಯವರು ತಂದಿಟ್ಟ ಸ್ಯಾಂಡ್‌ವಿಚ್‌ಗಳ ಅಂಚು ಒಣಗುತ್ತಿತ್ತು.

“ಇಲ್ಲಪ್ಪಾ, ಅಳ್ತಿಲ್ಲ. ಅಳು ಬರ್ತಿಲ್ಲ, ಏನ್ ಮಾಡ್ಲಿ... ಹೂಂ, ಬೆಳಿಗ್ಗೆ ಚರ್ಚಲ್ಲಿ ಬಲಿಪೂಜೆ. ಗೊತ್ತು...”

“ಊರಾಚೆ ಡಬ್ಲಿನ್ ಕಡೆಯ ಹೊಸ ರಸ್ತೇಲಿ ಗಾಡಿ ಒಯ್ತೀಯಾ? ಯಾಕೆ?... ಬೇಗ ಹೋಗಿ ಅವನೇನು ಮಾಡ್ಬೇಕು? ಬೇಡ. ಪೇಟೆ ಬೀದೀಲೇ ಹೋಗ್ಲಿ.”

“ಬೀದೀಲಿ ಯಾರೂ ಇಲ್ಲ ಅಂತ ನಂಗೇ ಹೇಳ್ತೀಯಾ? ಬೇಕರಿ ಹೋಯ್ತು, ಬ್ಯಾಂಕ್ ಹೋಯ್ತು, ಕುದುರೆ ಜೀನು ಹೊಲಿಯೋ ಟೈಗ್ ಹೋದ. ನಿಮ್ಮಪ್ಪನ ಶವ ಈ ಬೀದೀಲಿ ಹೋದಾಗ ಮರ್ಯಾದೆಗೆ ಅಂತ ಎಲ್ಲಾ ಅಂಗಡೀನೂ ಕಿಟಕಿ ಪರದೆ ಇಳಿಸ್ಲಿಲ್ವಾ? ನಮ್ಮ ಮಲಾಕಿ ಅರ್ಧ ಅಳೆದ ಬಟ್ಟೆ ಹಾಗೇ ಬಿಟ್ಟು, ಪರದೆ ಇಳಿಸಿ, ಟೋಪಿ ತೆಗೆದು ಬಾಗಿಲಲ್ಲಿ ನಿಂತ. ನಿಮ್ಮಪ್ಪನ ಜೊತೆ ಮಾತು ಬಿಟ್ಟಿದ್ದೋನು!... ಹಾಂ, ಅದೇ ಹರ್ಲಿಂಗ್ ಪಂದ್ಯದ ಜಗಳ. ಇಬ್ಬರೂ ಕತ್ತೆಗಳು... ನಗು, ಪರವಾಗಿಲ್ಲ.”

“ಏನಂದೆ?... ಹೌದು, ನಮ್ಮ ಅಂಗಡಿ ಪರದೆ ಇಳಿದೇ ಇದೆ. ಅಂಗಡಿ ಮುಚ್ಚಿದ ದಿನದಿಂದ ಇಳಿದೇ ಇದೆ. ಆದ್ರೆ ಅದು ಅವನಿಗೋಸ್ಕರ ಇಳಿಸಿದ್ದಲ್ಲವಲ್ಲ, ಫಿಂಟನ್...”

ಅಟ್ರಾಕ್ಟಾ ಮೇಜಿನ ಮೇಲಿನ ಸಕ್ಕರೆ ಹರಳುಗಳನ್ನು ಬೆರಳಿನಿಂದ ಒಂದು ಕಡೆಗೆ ಕೂಡಿಸಿದಳು.

“ನಾಳೆ ಬೆಳಿಗ್ಗೆ ಹೋಗಿ ಅಂಗಡಿ ತೆಗೀತೀನಿ... ಅಯ್ಯೋ, ಮಾರೋಕಲ್ಲ ಮಾರಾಯ! ಪರದೆ ಎತ್ತಿಡ್ತೀನಿ. ನಿನ್ನ ಗಾಡಿ ಎದುರಿಗೆ ಬಂದಾಗ ಇಳಿಸ್ತೀನಿ, ಅಷ್ಟೇ.”

“ಹೆಂಡತಿ ಗಾಡಿ ಹಿಂದೇನೇ ಇರ್ಬೇಕಾ? ಆಮೇಲೆ ನಡೆದು ಬರ್ತೀನಿ ಬಿಡು. ಪಾದ್ರಿ ಏನಾದ್ರೂ ಅಂದುಕೊಳ್ಲಿ... ಬರ್ತೀಯಾ? ಪೇಟೆ ಬೀದೀಲೇ, ಅಲ್ವಾ?... ಹಾಂ. ದೇವರು ಒಳ್ಳೇದು ಮಾಡ್ಲಿ.”

“ಮೆಲ್ಲಗೆ ಬಾ, ಆಯ್ತಾ? ಪರದೆ ಹಗ್ಗ ಬಿಗಿದುಹೋಗಿರುತ್ತೆ. ಮಲಾಕಿ ಒಂದು ದಿನಾನೂ ಅದನ್ನ ನನ್ನ ಕೈಗೆ ಕೊಟ್ಟೋನಲ್ಲ, ಹರಿದು ಹಾಕ್ತೀಯಾ ಅಂತಿದ್ದ... ಅದನ್ನ ಎಡಕ್ಕೆ ಎಳೀಬೇಕೋ, ಬಲಕ್ಕೋ... ಒಂದ್ನಿಮಿಷ ಇರು ಫಿಂಟನ್, ಅವನನ್ನೇ ಕೇಳಿ ಹೇಳ್...”



“ಹಲೋ?... ಹಲೋ, ಫಿಂಟನ್?...”

ಮುಂಗೋಣೆಯತ್ತ ತಿರುಗಿದ್ದ ಅವಳ ಮುಖ ಹಾಗೆಯೇ ನಿಂತಿತು. ಲೈನ್ ಕಡಿದುಹೋಗಿತ್ತು; ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು.