ಟ್ಯಾಕಿ ಅಂದ್ರೆ ಅಷ್ಟೇನಾ?

...ಅಷ್ಟೇನಾ ಅಕ್ಕೋರೆ? ಬರೀ ಅಷ್ಟೇನಾ? ಇಲ್ಲ, ಇಲ್ಲ, ಇನ್ನೊಮ್ಮೆ ನೋಡಿ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು ನೀವು, ನಿಮಗೆ ತಪ್ಪೋದಿಲ್ಲ, ಆದ್ರೂ... ಅಕ್ಷರ ಸರಿಯಾಗೇ ಬರೆದುಕೊಂಡಿದ್ದೇನೆ. ಟಿ, ಎ, ಸಿ, ಕೆ, ವೈ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಾದ್ರೂ ಪ್ರಗತಿಯ ಪಾಟಿಯ ಮೇಲೆ ಅವಳ ಜೊತೆಗೇ ಎಬಿಸಿಡಿ ತಿದ್ದಿದವಳು ನಾನು.

ಟ್ಯಾಕಿ. ಥಳಕು ಜಾಸ್ತಿ, ಚಂದ ಕಡಿಮೆ. ಅಗ್ಗದ ಆಡಂಬರ. ಮುಗೀತಾ? ಬೈಗುಳ ಅಲ್ವಾ ಅದು?... ಯಾಕೆ ನಗ್ತೀರಿ? ಬೈಗುಳ ಆಗಿದ್ರೇ ಚೆನ್ನಾಗಿತ್ತು ಅಂದೆ, ಅದಕ್ಕೆ ನಗೂನಾ?

ತಗೊಳ್ಳಿ, ಪಂಚಕಜ್ಜಾಯ. ಗಣಪತಿಯ ಮನೆಗೆ ಬಂದು ಬಾಯಿ ಸಿಹಿ ಮಾಡದೇ ಕೂತಿದ್ದೀರಿ.

ಯಾರು ಅಂದದ್ದಾ... ಹೇಳ್ತೇನೆ. ನಾನೇ ಸಾಕಿದ ಹುಡುಗಿ, ಪ್ರಗತಿ ಅಂದದ್ದು. ಊರಿಗೆ ಅವಳು ನನ್ನ ತಂಗಿಯ ಮಗಳು, ನಾನು ಅವಳ ಮಾವಶಿ. ತಂಗಿ ಹೋದಾಗ ಇನ್ನೂ ಹಲ್ಲು ಮೂಡದ ಮಗು. ನನಗೆ ಅವಳೇ ಮಗಳು, ಬೇರೆ ಯಾರಿದ್ದಾರೆ?

ಮೇಲೆ ನೋಡಿ, ಗಣಪತಿಯ ನೆತ್ತಿಯ ಮೇಲೆ. ಆ ಫಲಾವಳಿ. ಅಡಿಕೆ ಗೊಂಚಲು, ಹೀರೆ, ತೊಂಡೆ, ಹಸಿ ತೆಂಗಿನಕಾಯಿ, ಇವೆಲ್ಲ ಚಿತ್ತಾಕುಲದ ಯಾವ ಮನೆಯಲ್ಲಿ ಇಲ್ಲ ಹೇಳಿ. ನಡುನಡುವೆ ಆ ಪ್ಲಾಸ್ಟಿಕ್ ದ್ರಾಕ್ಷಿ, ಬಂಗಾರ ಬಣ್ಣದ ಜರಿಮಾಲೆ, ಮಿಣುಕು ದೀಪದ ಸರ, ಥರ್ಮಾಕೋಲಿನ ನವಿಲು... ಅದು ನನ್ನದು. ಚೌತಿಯ ಹಿಂದಿನ ದಿನ ಕಟ್ಟಿದೆವು. ಸ್ಟೂಲ್ ಹತ್ತಿದ್ದು ನಾನು, ಸುತಳಿ ಕೊಟ್ಟಿದ್ದು ಅವಳು. ಕಟ್ಟಿ ಇಳಿದಾಗ ನನ್ನ ಹೆಗಲಿಗೆ ಗಲ್ಲ ಇಟ್ಟು, 'ಚಂದ ಆಯ್ತು ಮಾವಶಿ' ಅಂದ್ಲು. ಈ ಕಿವಿಯಿಂದ ಕೇಳಿದ್ದೇನೆ ಅಕ್ಕೋರೆ!

ಮಾರನೇ ದಿನ ಅವಳ ಫೋನು ನನ್ನ ಕೈಗೆ... ಹೇಗೆ ಬಂತು ಅಂದ್ರೆ ಬಂತು. ಆರತಿಯ ಫೋಟೊ ನೋಡೋಣ ಅಂತ ತೆಗೆದೆ. ಇದೇ ಫಲಾವಳಿಯ ಫೋಟೊ ಆ ಹುಡುಗನಿಗೆ ಕಳಿಸಿದ್ದಾಳೆ. ಅದೇ, ಅಂಕೋಲೆಯ ಸಂಕೇತ, ಅವಳಿಗೆ ನೋಡಿದ ಹುಡುಗ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಉದ್ದ ಬರೆದಿದ್ದಾಳೆ. ನನಗೆ ಗೊತ್ತಾಗಿದ್ದು 'ಮಾವಶಿ' ಒಂದೇ. ಅದರ ಪಕ್ಕಕ್ಕೆ ಈ ಶಬ್ದ. ಅವನು ಉತ್ತರಕ್ಕೆ ಆ ಹಳದಿ ಮುಖ ಹಾಕಿದ್ದ, ಕಣ್ಣಲ್ಲಿ ನೀರು ಬರೋ ಹಾಗೆ ನಗೋದು. ಆರು. ಎಣಿಸಿದ್ದೇನೆ. ಅದನ್ನ ಓದೋಕೆ ಇಂಗ್ಲಿಷ್ ಬೇಕಾ ಅಕ್ಕೋರೆ?

'ಕಾಶಿ, ಸಮಾಧಾನ' ಅಂತೀರಿ. ಸಮಾಧಾನವೇ. ಆದ್ರೆ ಆಡಂಬರ ಅಂದ್ರಲ್ಲ, ಯಾರಿಗೆ ತೋರಿಸೋಕೆ ಮಾಡಿದ್ದೇನೆ ನಾನು? ಆ ದ್ರಾಕ್ಷಿ ಯಾವಾಗಿನದು ಗೊತ್ತಾ? ಅವಳಿಗೆ ಏಳು ವರ್ಷ, ಡೆಂಗ್ಯೂ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳೇ 'ದ್ರಾಕ್ಷಿ ಬೇಕು' ಅಂದ್ಲು. ಹೊರಗೆ ಸುರಿಯೋ ಮಳೆ, ಕಾರವಾರದ ಪೇಟೆಯಲ್ಲಿ ಒಂದು ದ್ರಾಕ್ಷಿ ಸಿಕ್ಕಿದ್ರೆ ಹೇಳಿ! ಪ್ಲಾಸ್ಟಿಕ್ಕಿನದ್ದೇ ತಂದು ಅವಳ ಕೈಯಲ್ಲಿಟ್ಟೆ. ಆ ವರ್ಷದ ಚೌತಿಗೆ ಅದನ್ನೇ ಕಟ್ಟಿದೆ. ಮಗು ಉಳೀತು, ದೇವರೇ, ಲೆಕ್ಕ ಚುಕ್ತಾ ಅಂತಲ್ಲ, ನೆನಪಿದೆ ಅಂತ. ಆ ದೀಪದ ಸರ, ನಮ್ಮವರು ಗಾಳಿಗೆ ಸಿಕ್ಕಿ ಮೂರು ದಿನದ ಮೇಲೆ ಬೋಟು ದಡ ಮುಟ್ಟಿಸಿದ ವರ್ಷದ್ದು. ಈಗ ಅವರೂ ಇಲ್ಲ, ದೀಪ ಇದೆ.

ಸುಳ್ಳೇಕೆ, ನನಗೂ ಮಿಣಿಮಿಣಿ ಅಂದ್ರೆ ಇಷ್ಟ. ವರ್ಷವಿಡೀ ಮೀನಿನ ಬುಟ್ಟಿ ಹೊತ್ತವಳಿಗೆ ಐದು ದಿನ ಬಣ್ಣ ಬೇಡ್ವಾ? ಚಂದ ಇಲ್ಲ ಅಂತ ನನ್ನ ಮುಖಕ್ಕೇ ಹೇಳಿದ್ರೆ ಆ ಕ್ಷಣವೇ ಬಿಚ್ಚಿ ಇಡ್ತಿದ್ದೆ. ನನಗೆ ಒಂದು, ಅವನಿಗೆ ಒಂದು! ನನ್ನ ಕೈತುತ್ತು ಉಂಡವಳು!

ಸಂಬಂಧದ ಮಾತಾ?... ಅದು ಬೇರೆ ಅಕ್ಕೋರೆ. ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಹುಡುಗ ಒಳ್ಳೆಯವನೇ. ನಿನ್ನೆ ದೇವಿಯ ಹತ್ತಿರ ಪ್ರಸಾದ ಕೇಳೋಕೆ ಹೋದೆ, ಒಬ್ಬಳೇ. ಬೀರಾ ಗುನಗ ಪೂಜೆ ಮಾಡಿ ದೇವಿಯ ಎರಡೂ ಬದಿಗೆ ಒದ್ದೆ ಎಸಳು ಅಂಟಿಸಿದ. ಬಲಕ್ಕೆ ಬಿದ್ರೆ ಹುಡುಗಿಯನ್ನ ಕೊಡು, ಎಡಕ್ಕೆ ಬಿದ್ರೆ ಬೇಡ. ಅದರ ಮೇಲೆ ನಮ್ಮಲ್ಲಿ ಮಾತಿಲ್ಲ. ಎಡಕ್ಕೆ ಬಿತ್ತು. ನಾನೇನು ಮಾಡಲಿ? ಈಗ ನಾಲ್ಕು ಗಂಟೆಗೆ ಅಂಕೋಲೆಗೆ ಫೋನ್ ಮಾಡಿ ಈ ಸಂಬಂಧ ಬೇಡ ಅನ್ನಬೇಕು. ಮನೆಗೆ ಹಿರಿಯಳು ನಾನೇ ಅಲ್ವಾ.

ಪ್ರಗತಿಯಾ? ಒಳಗಿದ್ದಾಳೆ. ಮಲಗಿದ್ದಾಳೆ. ಜಗಳ ಆಡ್ತಾಳೆ ಅಂತಿದ್ದೆ ನಾನು. ಹೂವು ಬಿದ್ದದ್ದಕ್ಕೆಲ್ಲ ಮದುವೆ ಬಿಡ್ತಾರಾ ಅಂತಾಳೆ, ಆಗ ನಾನೂ ನಾಲ್ಕು ಮಾತು ಆಡೋಣ ಅಂತ... ಕಾದಿದ್ದೆ. ಏನಂದ್ಲು ಗೊತ್ತಾ? 'ದೇವಿ ಬೇಡ ಅಂದ್ರೆ ಬೇಡ ಮಾವಶಿ.' ಅಷ್ಟೇ. ಅವನ ನಂಬರ್ ನನ್ನೆದುರೇ ಅಳಿಸಿ ಒಳಗೆ ಹೋದ್ಲು. ಬೆಳಿಗ್ಗೆಯಿಂದ ನೀರು ಮುಟ್ಟಲಿಲ್ಲ.

ಅಕ್ಕೋರೆ, ಆ ಶಬ್ದಕ್ಕೆ ಇನ್ನೂ ಕೆಟ್ಟ ಅರ್ಥ ಇರಬೇಕು. ದೊಡ್ಡ ಡಿಕ್ಷನರಿಯಲ್ಲಿ? ಮನುಷ್ಯರಿಗೆ ಅಂದ್ರೆ ಹೊಲಸು ಅಂತಲೋ, ನಾಚಿಕೆ ಇಲ್ಲದವಳು ಅಂತಲೋ... ಇಲ್ವಾ? ಸೀರೆಗೂ ಅಂತಾರೆ, ಮನೆಗೂ ಅಂತಾರೆ. ಏನು? ಮನೆಯವರ ಮೇಲೆ ಸಲಿಗೆಯಿಂದ, ಪ್ರೀತಿಯಿಂದಲೂ ಅಂತಾರಾ?

ಪ್ರೀತಿಯಿಂದಲೂ...

ಪಂಚಕಜ್ಜಾಯ ಕೈಯಲ್ಲೇ ಇದೆ. ಹಾಗೆ ನೋಡಬೇಡಿ ನನ್ನ. ನಿಮ್ಮ ಹಣೆಯಲ್ಲಿ ಹಸಿ ಕುಂಕುಮ... ದೇವಿಯ ದರ್ಶನ ಮಾಡಿಯೇ ಬಂದ್ರಾ? ಬೀರಾ ಇದ್ನಾ? ಏನಾದ್ರೂ ಅಂದ್ನಾ? ಇಲ್ಲ ಅನ್ನಿ. ಅಕ್ಕೋರೆ, ಒಂದು ಮಾತು ಆಡಿ. ಬೈದಾದ್ರೂ ಬೈಯಿರಿ...

ಬಲಕ್ಕೇ ಬಿತ್ತು.

ನಾನು ಕೇಳಿ ಮುಗಿಸೋದ್ರೊಳಗೇ ಬಿತ್ತು. 'ಇಷ್ಟು ಬೇಗ ಕೊಟ್ಟದ್ದು ನಾನು ಕಂಡಿಲ್ಲ' ಅಂದ ಬೀರಾ. ಎಸಳು ಸೆರಗಿಗೆ ಕಟ್ಟಿಕೊಂಡು ದಾರಿಯುದ್ದಕ್ಕೂ ಬಲಕ್ಕೆ, ಬಲಕ್ಕೆ ಅಂತಲೇ ಬಂದೆ, ದೇವಿಯಾಣೆ. ಬಾಗಿಲಲ್ಲಿ ಅವಳು ಫೋನ್ ನೋಡ್ತಾ ನಗ್ತಿದ್ಲು. ನನ್ನ ಬಾಯಿ ಎಡಕ್ಕೆ ಅಂತು.

ಅವಳು ನಂಬಿದ್ಲು. ಸಣ್ಣವಳಿದ್ದಾಗ ನಾನು ಅವಳಿಗೆ ಕಲಿಸಿದ ಹಾಗೇ, ಕಣ್ಣು ಮುಚ್ಚಿ ನಂಬಿದ್ಲು. ಅವಳು ನಕ್ಕದ್ದು ನನ್ನ ನವಿಲಿಗೆ. ನಾನು ದೇವಿಯ ಬಾಯಲ್ಲಿ ಸುಳ್ಳು ಇಟ್ಟೆ.

ಇಲ್ಲ, ನೀವು ಏಳಬೇಡಿ. ನೀವು ಹೇಳೋದಲ್ಲ ಇದು. ಕೂತಿರಿ, ನಾನೇ...

ಪ್ರಗತೀ... ಎದ್ದು ಬಾ ಮಗಾ. ದೇವಿ ಅಂದದ್ದು ಬೇರೆ.