ದೋಣಿಯಲ್ಲಿದ್ದ ಜಾಗ

ಸಾಂಗಲಿಯ ನಿಲ್ದಾಣದಲ್ಲಿ ಮಿರಜದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು. ಅವರನ್ನು ಹರಿಪುರದ ಬಸ್ಸು ಹತ್ತಿಸಲು ಬಂದಿದ್ದವಳು ಗೋಡೆಯ ಮೇಲಿನ ಉಮೇದುವಾರನ ಚಿತ್ರ ನೋಡಿ ಕೇಳಿದಳು.

“ಮಾವಶಿ, ಇವಗ ಓಟ ಹಾಕತೀರೇನು?”

“ಹಾಕತೇನಿ, ತ್ರಿಶಲಾ.”

“ಮಹಾಪೂರದಾಗ ಸರಕಾರಿ ದೋಣ್ಯಾಗ ಬರೇ ತನ್ನ ಮಂದೀನ ಕರಕೊಂಡ ಹೋದ ಅಂತಾರ. ಚಂಪಾಕಾಕು ಮಾಳಗಿ ಮ್ಯಾಲ ನಿಂತು ಕೂಗತಿದ್ರಂತ. ದೋಣ್ಯಾಗ ಜಾಗಾ ಇತ್ತಂತ.”

“ಇತ್ತು.”

“ನಿಮಗ ಹೆಂಗ ಗೊತ್ತು?”

“ನನ್ನ ಬಾಜೂಕ ಇತ್ತು. ಅಲ್ಲಿ ನನ್ನ ಟ್ರಂಕ ಇಟ್ಟಿದ್ದೆ.”

ತ್ರಿಶಲಾ ಚಿತ್ರ ಬಿಟ್ಟು ಅವರ ಕಡೆ ತಿರುಗಿದಳು.

“ಅವ ನನಗ, ಟ್ರಂಕ ಇಳಸೂಣ ಕಾಕು ಅಂದ. ನಾ ಗಟ್ಟಿ ಹಿಡಕೊಂಡೆ. ಆಕೀನ್ನ ಎರಡನೇ ಖೇಪಿಗೆ ಕರಕೊಂಡ ಬಾ ಅಂದೆ. ದೋಣಿ ತಿರುಗಿ ಹೋಗೂದ್ರಾಗ ಮಾಳಗೀನ ಇರಲಿಲ್ಲ.”

“ಇದು ಯಾರಿಗೂ ಗೊತ್ತಿಲ್ಲ?”

“ಅವಗ ಗೊತ್ತು. ಇಷ್ಟ ಬೈಸಿಕೊಂಡರೂ ನನ್ನ ಹೆಸರ ಹೇಳಿಲ್ಲ.”

“ನೀವರೆ ಹೇಳಬಹುದಿತ್ತಲ್ಲ, ಮಾವಶಿ.”

“ಬಸದ್ಯಾಗ ಪರ್ಯೂಷಣ ಹಬ್ಬ ಮುಗದ ಮ್ಯಾಲ ಪ್ರತಿ ವರ್ಷ ಮನಿಮನಿಗೆ ಹೋಗಿ ಕ್ಷಮಾ ಬೇಡತೇನಿ. ಚಂಪಾನ ಮಕ್ಕಳ ಮುಂದ ನಿಂತರ ನಾಲಿಗಿ ಹೊರಳೂದಿಲ್ಲ. ಆಕಿ ಕೂಗಿದ್ದು ಅವನ ಹೆಸರಲ್ಲ, ತ್ರಿಶಲಾ. ನನ್ನ ಹೆಸರ.”

ಹರಿಪುರದ ಬಸ್ಸು ಬಂತು. ಹಿರಿಯರು ಕಿಟಕಿಯ ಪಕ್ಕ ಕುಳಿತು, ದೊಡ್ಡ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಭಾರ ಆಗತೈತಿ, ಬಾಜೂಕ ಇಡ್ರಿ,” ಎಂದಳು ತ್ರಿಶಲಾ ಕೆಳಗಿನಿಂದ.

“ಬ್ಯಾಡ. ಅಲ್ಲಿ ಯಾರರೆ ಕೂಡಲಿ.”

ಬಸ್ಸು ಹೊರಟಿತು. ಆ ಜಾಗ ಖಾಲಿಯೇ ಇತ್ತು.